ಶಿರಸಿ ಶೈಕ್ಷಣಿಕ ಜಿಲ್ಲೆ, ಜೂನ್ ತಿಂಗಳು: ಮೊಟ್ಟೆ ಲೆಕ್ಕ, ಎಸ್‌ಡಿಎಂಸಿ ಪುನಾರಚನೆ, ಸೋರುವ ಹೆಂಚು

ಹೆಂಚಿನಮಾಡು (ಚರ್ಚೆ ಆರಂಭ; ಇಲ್ಲಿ ಎಲ್ಲರೂ ಅಡ್ಡಹೆಸರಿನಲ್ಲಿ)

ಮೇ 29ಕ್ಕೆ ಶಾಲೆ ಬಾಗಿಲು ತೆರೆದಿದೆ. ತಳಿರುತೋರಣ, ಸಿಹಿಯೂಟ, ಪುಸ್ತಕ ಹಂಚಿದ ಫೋಟೊಗಳೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಬೇಕಾದಷ್ಟು ಬಂದಾಯ್ತು. ಇಲ್ಲಿ ಫೋಟೊ ಬೇಡ, ಲೆಕ್ಕ ಮಾತಾಡೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಆರೂ ಕಡೆಯವರು ಇದ್ದೀರಿ. ಹೊರಗಿನವರಿಗೆ ಒಂದು ಮಾತು: ಉತ್ತರ ಕನ್ನಡ ಕಂದಾಯಕ್ಕೆ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಕರಾವಳಿಗೆ ಕಾರವಾರ, ಘಟ್ಟದ ಮೇಲಕ್ಕೆ ಶಿರಸಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಿಟ್ಟರೆ ಇದು ಯಾರಿಗೂ ನೆನಪಿರುವುದಿಲ್ಲ.

ಈ ತಿಂಗಳು ಎದುರಿಗಿರುವುದು ಮೂರು: ಬಿಸಿಯೂಟದ ಜೊತೆ ವಾರಕ್ಕೆ ಆರು ದಿನದ ಮೊಟ್ಟೆ, ಅವಧಿ ಮುಗಿದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಮಳೆ. ಮಾತಿಗೆ ಒಂದು ಶಾಲೆ ಇಟ್ಟುಕೊಳ್ಳೋಣ: 1ರಿಂದ 7ನೇ ತರಗತಿ, 84 ಮಕ್ಕಳು, ಅದರಲ್ಲಿ ಐದನೆಯವರೆಗೆ 50, ಆರು-ಏಳರಲ್ಲಿ 34. ಮೊಟ್ಟೆ ತಿನ್ನುವವರು 61, ಬಾಳೆಹಣ್ಣಿನವರು 23. ಎಲ್ಲರೂ ಇದೇ ಸಂಖ್ಯೆ ಹಿಡಿದು ಮಾತಾಡಿದರೆ ಗೊಂದಲ ಕಮ್ಮಿ.

ಒಲೆಮುಂದೆ

ಮೊದಲು ಅನ್ನದ ಲೆಕ್ಕ, ಯಾಕೆಂದರೆ ಅದು ಗೊತ್ತಿದ್ದರೆ ಮಿಕ್ಕಿದ್ದು ಸಲೀಸು. ಐದನೆಯವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರ ಮೇಲೆ 150, 30, 75, 7.5. ಈ ಶಾಲೆಗೆ ಹಾಜರಿ ಪೂರ್ತಿ ಇದ್ದ ದಿನ ಅಕ್ಕಿ 10 ಕಿಲೋ 100 ಗ್ರಾಂ, ಬೇಳೆ 2 ಕಿಲೋ ಚಿಲ್ಲರೆ, ತರಕಾರಿ 5 ಕಿಲೋ, ಎಣ್ಣೆ ಅರ್ಧ ಕಿಲೋ. ಅಳತೆ ಗೊತ್ತಿರುವ ಡಬ್ಬಿ ಅಡುಗೆಮನೆಯಲ್ಲೇ ಇರಬೇಕು. ಕಣ್ಣಳತೆಯಲ್ಲಿ ಮೊದಲು ಕಮ್ಮಿಯಾಗುವುದು ಬೇಳೆ, ಸಾರು ನೋಡಿದರೆ ಗೊತ್ತಾಗುತ್ತದೆ.

26ರಿಂದ 100 ಮಕ್ಕಳಿಗೆ ಅಡುಗೆಯವರು ಇಬ್ಬರು. ಆ ಇಬ್ಬರೇ ಹಾಲು ಕಲಸಬೇಕು, ಅನ್ನ-ಸಾರು ಮಾಡಬೇಕು, 61 ಮೊಟ್ಟೆ ಬೇಯಿಸಿ ಸುಲಿಯಬೇಕು, ಪಾತ್ರೆ ತೊಳೆಯಬೇಕು. ಮೊಟ್ಟೆ ಎರಡು ದಿನವಿದ್ದದ್ದು ಆರು ದಿನ ಆಯಿತು, ಕೈ ಎರಡು ಜೊತೆಯೇ ಉಳಿಯಿತು.

ಗೂಡಂಗಡಿ

ಮೊಟ್ಟೆ ದುಡ್ಡಿನ ವಿಷಯ ಯಾರೂ ಎತ್ತಲಿಲ್ಲವಲ್ಲ. ಒಂದಕ್ಕೆ 6 ರೂಪಾಯಿ ಕೊಡ್ತಾರೆ, ಸಾಲೋದಿಲ್ಲ ಅಂತ ಮಾಸ್ತರರು ಹೇಳ್ತಾರೆ. ನಿಜವಾ?

ರಿಜಿಸ್ಟರ್ ನಂ. 4

6 ರೂಪಾಯಿ ಪೂರ್ತಿ ಮೊಟ್ಟೆಗಲ್ಲ. ಖರೀದಿಗೆ 5 ರೂಪಾಯಿ, ಇಂಧನಕ್ಕೆ 50 ಪೈಸೆ, ಸುಲಿಯುವವರಿಗೆ 30 ಪೈಸೆ, ಸಾಗಣೆಗೆ 20 ಪೈಸೆ. ಸುಲಿಯುವ 30 ಪೈಸೆ ಅಡುಗೆಯವರ ದುಡ್ಡು, ಅದನ್ನು ಮೊಟ್ಟೆಯ ಬೆಲೆಗೆ ಸೇರಿಸಿಕೊಳ್ಳುವ ಹಾಗಿಲ್ಲ. ಅಂಗಡಿಯಲ್ಲಿ ಬಿಡಿ ಮೊಟ್ಟೆ 6 ರೂಪಾಯಿ 20 ಪೈಸೆ ಇದೆ ಅಂತ ಇಟ್ಟುಕೊಳ್ಳಿ. ಒಂದಕ್ಕೆ 1.20 ಕೊರತೆ, ದಿನಕ್ಕೆ 73 ರೂಪಾಯಿ 20 ಪೈಸೆ, 24 ದಿನಕ್ಕೆ 1,756 ರೂಪಾಯಿ 80 ಪೈಸೆ. ಇದು ಯಾರದ್ದೋ ಜೇಬಿನಿಂದ ಹೋಗಬೇಕು, ಇಲ್ಲವೇ ಮೊಟ್ಟೆ ಸಣ್ಣದಾಗಬೇಕು. ಹೆಚ್ಚಿನ ಕಡೆ ಎರಡೂ ಆಗುತ್ತಿದೆ.

ಹಿನ್ನೆಲೆ ತಿಳಿಯದವರಿಗೆ: 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಬಂದು, 2023ರಲ್ಲಿ ಹತ್ತನೇ ತರಗತಿಯವರೆಗೆ ವಾರಕ್ಕೆ ಎರಡು ದಿನ ಆಯಿತು. 2024ರ ಸೆಪ್ಟೆಂಬರಿನಿಂದ ಉಳಿದ ನಾಲ್ಕು ದಿನದ ಖರ್ಚನ್ನು ಅಜೀಂ ಪ್ರೇಮ್‌ಜಿ ಫೌಂಡೇಷನ್ ಹೊತ್ತಿದೆ, ಮೂರು ವರ್ಷಕ್ಕೆ 1,500 ಕೋಟಿ. ಹಾಗಾಗಿ ಎರಡು ದಿನದ ಲೆಕ್ಕ ಬೇರೆ, ನಾಲ್ಕು ದಿನದ್ದು ಬೇರೆ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಬಳಕೆ ಪ್ರಮಾಣಪತ್ರ ಕೊಡುವಾಗ ತಲೆ ಕೆಡುತ್ತದೆ.

ಮುಂಡಗೋಡ ಕಡೆಯವ

ಬಿಡಿ ಅಂಗಡ್ಯಾಗ ಯಾಕ ತಗೋತೀರಿ? ಮೊಟ್ಟೆ ಸಗಟಿನಾಗ ಬಾಕ್ಸ್ ಲೆಕ್ಕದಾಗ ಬರ್ತದ. ಒಂದು ಟ್ರೇಕ್ಕ 30, ಏಳು ಟ್ರೇ ಸೇರಿ ಒಂದು ಬಾಕ್ಸ್, 210 ಮೊಟ್ಟೆ. ಈ ಶಾಲಿಗೆ ವಾರಕ್ಕ 366 ಬೇಕು, ಅಂದ್ರ ಎರಡು ಬಾಕ್ಸಿಗೂ ಕಮ್ಮಿ. ಒಬ್ಬೊಬ್ಬರಾಗಿ ಹೋದ್ರ ಸಗಟಿನಂವ ಮಾತಾಡ್ಸೂದಿಲ್ಲ. ಕ್ಲಸ್ಟರಿನ (ಹತ್ತಿರದ ಶಾಲಿಗಳ ಗುಂಪಿನ) ನಾಲ್ಕೈದು ಶಾಲಿ ಕೂಡಿ ಒಂದು ದಿನ ಗೊತ್ತು ಮಾಡಿ, ಒಂದೇ ಗಾಡ್ಯಾಗ ಇಳಿಸ್ಕೊಂಡ್ರ ದರಾನೂ ಇಳಿತದ, ಸಾಗಣಿ 20 ಪೈಸೆನೂ ಸಾಕಾಗ್ತದ. ಬಿಲ್ ಮಾತ್ರ ಶಾಲಿ ಶಾಲಿಗೆ ಬೇರೆ ಬೇರೆ ಬರೆಸ್ರಿ. ಒಂದೇ ಬಿಲ್ ಮಾಡಿ ಹಂಚ್ಕೊಂಡ್ರ ಆಡಿಟ್‌ನಾಗ ಕೂತ್ಕೊಂಡು ಉತ್ತರ ಕೊಡಬೇಕಾಗ್ತದ.

ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ದಿನಾ ದರ ಹಾಕ್ತದ, 100 ಮೊಟ್ಟಿ ಲೆಕ್ಕದಾಗ. ವ್ಯಾಪಾರಿ ಜೋಡಿ ಮಾತಾಡೂ ಮುಂದ ಅದು ಕೈಯಾಗ ಇರ್ಲಿ.

ಒಲೆಮುಂದೆ

ಸಗಟು ಸರಿ, ಆದರೆ ಮಲೆನಾಡಿನ ಜೂನ್‌ನಲ್ಲಿ ವಾರದ ಮೊಟ್ಟೆ ಒಟ್ಟಿಗೆ ಇಡುವುದು ಹೇಗೆ ಅನ್ನುವುದೇ ಪ್ರಶ್ನೆ. ರಟ್ಟಿನ ಟ್ರೇ ಥಂಡಿ ಹೀರಿ ಮೆತ್ತಗಾಗುತ್ತದೆ, ಬೂಸಲು ಹಿಡಿಯುತ್ತದೆ, ಬೂಸಲು ಚಿಪ್ಪಿಗೂ ದಾಟುತ್ತದೆ. ಪ್ಲಾಸ್ಟಿಕ್ ಟ್ರೇ ಹತ್ತು ತೆಗೆದಿಟ್ಟುಕೊಳ್ಳಿ, ಬಂದ ದಿನವೇ ಅದಕ್ಕೆ ವರ್ಗಾಯಿಸಿ. ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ. ನೆಲದ ಮೇಲೆ ಬೇಡ, ಒಲೆ ಪಕ್ಕವೂ ಬೇಡ. ಬಂದ ಕೂಡಲೇ ತೊಳೆದಿಡುವ ಅಭ್ಯಾಸ ತಪ್ಪು: ಚಿಪ್ಪಿನ ಮೇಲಿನ ಪೊರೆ ಹೋದರೆ ಬೇಗ ಕೆಡುತ್ತದೆ. ತೊಳೆಯುವುದು ಬೇಯಿಸುವ ಮುಂಚೆ.

ಬೇಯಿಸುವಾಗ ನೀರಿಗೆ ಹಾಕಿ ನೋಡಿ. ತಳದಲ್ಲಿ ಅಡ್ಡ ಮಲಗಿದರೆ ಹೊಸದು, ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ಎಸೆಯಿರಿ. ತಣ್ಣೀರಿನಲ್ಲೇ ಒಲೆಗಿಡಬೇಕು. ಕುದಿವ ನೀರಿಗೆ ಸುರಿದರೆ ಆರರಲ್ಲಿ ಒಂದು ಒಡೆಯುವುದೇ. ಕುದಿ ಬಂದಮೇಲೆ 10–12 ನಿಮಿಷ, ಆಮೇಲೆ ತಣ್ಣೀರು. ಹಳದಿಯ ಸುತ್ತ ಹಸಿರು ಗೆರೆ ಬಂದರೆ ಕೆಟ್ಟಿದೆ ಅಂತ ಗಾಬರಿ ಬೇಡ, ಬೆಂದದ್ದು ಹೆಚ್ಚಾಗಿದೆ ಅಷ್ಟೇ. ತೀರಾ ಹೊಸ ಮೊಟ್ಟೆ ಸುಲಿಯಲು ಬರುವುದಿಲ್ಲ, ಬಿಳಿಭಾಗ ಚಿಪ್ಪಿಗೇ ಕಚ್ಚಿಕೊಳ್ಳುತ್ತದೆ. ಎರಡು-ಮೂರು ದಿನ ಕಳೆದದ್ದು ಸಲೀಸು. ಸುಲಿದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬಾರದು, ಹಾಗಾಗಿ ಊಟದ ಗಂಟೆಗೆ ಹತ್ತಿರ ಸುಲಿಯಿರಿ.

ಗೂಡಂಗಡಿ

ಚಿಕ್ಕಿ ಕೊಡ್ತಿದ್ರಲ್ಲ, ಅದು ಎಲ್ಲಿ ಹೋಯ್ತು?

ರಿಜಿಸ್ಟರ್ ನಂ. 4

2025ರ ಆರಂಭದಲ್ಲೇ ನಿಲ್ಲಿಸಿದ್ದಾರೆ. ಸಕ್ಕರೆ, ಕೊಬ್ಬಿನ ಅಂಶ ಮತ್ತು ದಾಸ್ತಾನಿನ ದೂರು ಕಾರಣ. ಈಗ ಮೊಟ್ಟೆ, ಇಲ್ಲವೇ ಬಾಳೆಹಣ್ಣು. ಚಿಕ್ಕಿಯಾದರೆ ತಿಂಗಳಿಗೊಮ್ಮೆ ತಂದಿಡಬಹುದಿತ್ತು. ಬಾಳೆಹಣ್ಣು ಹಾಗಲ್ಲ, ಎರಡು ದಿನಕ್ಕೊಮ್ಮೆ ಬೇಕು.

ಇಲ್ಲೊಂದು ಸಣ್ಣ ತಪ್ಪು ಎಲ್ಲ ಕಡೆ ಆಗುತ್ತದೆ. ಹಾಜರಿ 76, ಊಟ 76, ಆದರೆ ಮೊಟ್ಟೆ 61, ಬಾಳೆಹಣ್ಣು 23. ಕೂಡಿದರೆ 84! ದಾಖಲಾದವರ ಸಂಖ್ಯೆಯನ್ನೇ ದಿನದಿನ ಬರೆದುಕೊಂಡು ಹೋದ ಗುರುತು ಅದು. ಹಾಜರಿ ಪುಸ್ತಕ, ಊಟದ ಪುಸ್ತಕ, ಹಾಲಿನ ಪುಸ್ತಕ, ಮೊಟ್ಟೆಯ ಪುಸ್ತಕ ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಒಂದೇ ನಿಮಿಷದಲ್ಲಿ ಕಾಣುತ್ತದೆ. ಕಳ್ಳತನ ಅಂತ ಅಲ್ಲ, ಬಹಳ ಸಲ ಸೋಮಾರಿತನ. ಆದರೆ ತನಿಖೆಗೆ ಬಂದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನೊಂದು: ಪಾಲಕರ ಒಪ್ಪಿಗೆ ಪತ್ರ ಜೂನ್‌ನಲ್ಲೇ ಹೊಸದಾಗಿ ತೆಗೆದುಕೊಳ್ಳಿ. ಪಕ್ಕದವನ ತಟ್ಟೆ ನೋಡಿ ಬಾಳೆಹಣ್ಣಿನವರು ಮೊಟ್ಟೆ ಕೇಳುವುದು ಸಹಜ. ಮಗು ಕೇಳಿತು ಅಂತ ಕೊಟ್ಟು, ಮನೆಯವರು ಮರುದಿನ ಗೇಟಿಗೆ ಬಂದರೆ ಕೈಯಲ್ಲಿ ಪತ್ರ ಇರಬೇಕು.

ಅಘನಾಶಿನಿ ದಂಡೆ

ಕೊರತೆಯ ದುಡ್ಡನ್ನು ಪಾಲಕರಿಂದ ತಿಂಗಳಿಗೆ 20 ರೂಪಾಯಿ ಎತ್ತಿದರೆ ಮುಗೀತಲ್ಲ?

ರಿಜಿಸ್ಟರ್ ನಂ. 4

ಬೇಡ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14ರ ಮಕ್ಕಳಿಗೆ ಉಚಿತ ಅಂದರೆ ಉಚಿತ. ಇಂದು ಮೊಟ್ಟೆಗೆ 20 ಎತ್ತಿದರೆ ನಾಳೆ ಕೊಡದವರ ಮಗುವಿನ ತಟ್ಟೆ ಕಡೆ ಎಲ್ಲರ ಕಣ್ಣು ಹೋಗುತ್ತದೆ. ಊರಿನ ದಾನಿಗಳು ತಾವಾಗಿ ಕೊಡುವುದಾದರೆ ರಸೀದಿ ಹಾಕಿ, ಎಸ್‌ಡಿಎಂಸಿ ಖಾತೆಗೆ ಜಮಾ ಮಾಡಿ, ಠರಾವಿನಲ್ಲಿ ನಮೂದಿಸಿ. ಹುಟ್ಟುಹಬ್ಬಕ್ಕೋ ಮನೆ ಒಕ್ಕಲಿಗೋ ಊಟ ಹಾಕಿಸುವವರಿಗೆ ವಿಶೇಷ ಭೋಜನ ಅನ್ನುವ ದಾರಿ ಇದೆ. ಹೊರಗಿನಿಂದ ಮಾಡಿ ತರುವ ಬದಲು ಸಾಮಾನು ಕೊಟ್ಟು ಶಾಲೆಯ ಅಡುಗೆಮನೆಯಲ್ಲೇ ಮಾಡಿಸಿದರೆ ಒಳ್ಳೆಯದು. ಬಡಿಸುವ ಮುಂಚೆ ಇಬ್ಬರು-ಮೂವರು ದೊಡ್ಡವರು, ಅದರಲ್ಲಿ ಒಬ್ಬರಾದರೂ ಶಿಕ್ಷಕರು, ರುಚಿ ನೋಡಲೇಬೇಕು ಅನ್ನುವುದು 2015ರ ನಿಯಮ. ಅದು ದಾನದ ಊಟಕ್ಕೂ ಅನ್ವಯಿಸಿಕೊಳ್ಳಿ.

ಹೆಂಚಿನಮಾಡು

ಕೊರತೆಯ ಲೆಕ್ಕವನ್ನು ಬರಹದಲ್ಲಿ ಮೇಲಕ್ಕೆ ಕಳಿಸುವುದು ಮುಖ್ಯ. ತಿಂಗಳ ಕೊನೆಗೆ ಬಿಲ್ ಸಮೇತ, ಎಸ್‌ಡಿಎಂಸಿ ಠರಾವಿನ ಜೊತೆ, ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಒಂದು ಪ್ರತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪ್ರತಿ. ಮಾಸ್ತರರು ಜೇಬಿನಿಂದ ಹಾಕಿ ಸುಮ್ಮನಿದ್ದರೆ ಕಾಗದದ ಮೇಲೆ 5 ರೂಪಾಯಿಗೇ ಮೊಟ್ಟೆ ಸಿಗುತ್ತಿದೆ ಅಂತಲೇ ಇರುತ್ತದೆ, ದರ ಏಕೆ ಏರಿಸುತ್ತಾರೆ?

ಅದಕ್ಕೆ ಎಸ್‌ಡಿಎಂಸಿ ಜೀವಂತ ಇರಬೇಕು. ಆ ವಿಷಯಕ್ಕೆ ಬರೋಣ.

ಠರಾವು ಪುಸ್ತಕ

ಎಸ್‌ಡಿಎಂಸಿ ನಮ್ಮಲ್ಲಿ 2001ರಿಂದ ಇದೆ, ಶಿಕ್ಷಣ ಹಕ್ಕು ಕಾಯ್ದೆಗಿಂತ ಹಳೆಯದು. ಕಾಯ್ದೆಯ 21ನೇ ಕಲಂ ಬಂದಮೇಲೆ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧ ಹೆಂಗಸರು, ಹಿಂದುಳಿದ ಹಾಗೂ ದುರ್ಬಲ ವರ್ಗದವರಿಗೆ ಮಕ್ಕಳ ಪ್ರಮಾಣಕ್ಕೆ ತಕ್ಕ ಪಾಲು ಕಡ್ಡಾಯ. ರಾಜ್ಯದಲ್ಲಿ 18 ಪಾಲಕ ಸದಸ್ಯರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ, ಅವಧಿ ಮೂರು ವರ್ಷ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಸಭೆಗೆ ಬರುವವರು, ಮಾತಾಡುವವರು ಆರು-ಏಳನೇ ತರಗತಿ ಮಕ್ಕಳ ಪಾಲಕರು. ಅವರನ್ನೇ ಆರಿಸುತ್ತಾರೆ. ಮಗು ಶಾಲೆ ಬಿಟ್ಟರೆ ಸದಸ್ಯತ್ವವೂ ಹೋಗುತ್ತದೆ. ಒಂದೇ ವರ್ಷದಲ್ಲಿ ಆರೇಳು ಕುರ್ಚಿ ಖಾಲಿ, ಕೋರಂ ಇಲ್ಲ, ಅಧ್ಯಕ್ಷರ ಮಗುವೇ ಹೈಸ್ಕೂಲಿಗೆ ಹೋದರೆ ಖಾತೆಯೂ ನಿಂತಿತು. ಆದ್ದರಿಂದ ಆರಿಸುವ ಮುಂಚೆ ತರಗತಿವಾರು ಪಟ್ಟಿ ಮಾಡಿ. ಒಂದರಿಂದ ನಾಲ್ಕನೇ ತರಗತಿಯ ಪಾಲಕರು ಕನಿಷ್ಠ ಹತ್ತು ಜನ ಇರಲಿ, ಅಧ್ಯಕ್ಷರ ಮಗು ನಾಲ್ಕರ ಒಳಗಿರಲಿ. ಇದು ನಿಯಮವಲ್ಲ, ಅನುಕೂಲ.

ಸಭೆಯ ಸಮಯವೂ ಮುಖ್ಯ. ಬೆಳಿಗ್ಗೆ 11ಕ್ಕೆ ಕರೆದರೆ ತೋಟದ ಕೆಲಸಕ್ಕೆ, ಕೂಲಿಗೆ ಹೋಗುವ ಹೆಂಗಸರು ಬರುವುದಿಲ್ಲ, ಆಮೇಲೆ ಒಂಬತ್ತು ಹೆಸರು ಪುಸ್ತಕದಲ್ಲಿ ಮಾತ್ರ ಇರುತ್ತವೆ, ಸಹಿ ಮನೆಗೆ ಹೋಗಿ ಮಾಡಿಸುವುದು. ಸಂಜೆ 4ರ ಮೇಲೆ, ಮಕ್ಕಳನ್ನು ಕರೆದುಕೊಂಡು ಹೋಗುವ ಹೊತ್ತಿಗೆ ಇಡಿ.

ಮುಂಡಗೋಡ ಕಡೆಯವ

ರಾಜಕೀಯ ಬ್ಯಾಡ್ರೀ ಅಂತ ಎಲ್ಲಾರೂ ಅಂತಾರ, ಆದ್ರ ಗ್ರಾಮ ಪಂಚಾಯ್ತಿ ಚುನಾವಣಿ ಹತ್ರ ಬಂದ್ರ ಎಸ್‌ಡಿಎಂಸಿನೇ ಮೊದಲ ಮೆಟ್ಟಲಾ ಆಗ್ತದ. ಅದಕ್ಕ ಪಾಲಕರ ಪಟ್ಟಿ ಶಾಲಿ ಗ್ವಾಡಿ ಮ್ಯಾಲ ಒಂದ್ ವಾರ ಮೊದಲೇ ಹಚ್ರಿ. ಯಾರ ಮಗು ಯಾವ ಕ್ಲಾಸು, ಪಾಲಕರು ಯಾರು. ಶಾಲ್ಯಾಗ ಮಕ್ಕಳಿಲ್ಲದವ್ರು ಬಂದು ಕೈ ಎತ್ತೂದು ತಾನಾ ನಿಲ್ತದ.

ಠರಾವು ಪುಸ್ತಕ

ಒಪ್ಪಿದೆ. ಹೊಸ ಸಮಿತಿ ಆದ ವಾರದೊಳಗೆ ಬ್ಯಾಂಕಿನ ಕೆಲಸ ಮುಗಿಸಿ: ಸಹಿ ಬದಲಾವಣೆಯ ಠರಾವಿನ ದೃಢೀಕೃತ ಪ್ರತಿ, ಹೊಸ ಅಧ್ಯಕ್ಷರ ಆಧಾರ್, ಪ್ಯಾನ್, ಫೋಟೊ, ಮುಖ್ಯ ಶಿಕ್ಷಕರ ಪತ್ರ. ಠರಾವಿನಲ್ಲಿ ಹಳೆಯ ಸಹಿ ರದ್ದು ಅನ್ನುವ ಒಂದು ಸಾಲು ಬಿಟ್ಟುಹೋದರೆ ಬ್ಯಾಂಕಿನವರು ವಾಪಸ್ ಕಳಿಸುತ್ತಾರೆ. ಅಧ್ಯಕ್ಷರ ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವಂತೆಯೇ ಬರೆಯಿರಿ.

ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 31ರಿಂದ 100 ಮಕ್ಕಳ ಶಾಲೆಗೆ 25,000 ರೂಪಾಯಿ ಮಾನದಂಡ, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ, ಅಂದರೆ 2,500. ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಕೈ ಬಿಟ್ಟಂತೆ. ಫೆಬ್ರವರಿಯಲ್ಲಿ ಓಡಾಡಿ ಬೇಡದ ಕುರ್ಚಿ ಕೊಳ್ಳುವ ಬದಲು ಶಾಲಾ ಅಭಿವೃದ್ಧಿ ಯೋಜನೆಯನ್ನು ಈಗಲೇ ಬರೆಯಿರಿ. ಮೂರು ವರ್ಷದ್ದು ಒಂದು, ಅದರೊಳಗೆ ವರ್ಷವರ್ಷದ್ದು ಮೂರು. ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳು ಇರುವಾಗಲೇ ಸಿದ್ಧವಿರಬೇಕು, ಅಂದರೆ ಡಿಸೆಂಬರ್.

ಅಘನಾಶಿನಿ ದಂಡೆ

ಸರ್ಕಾರದ ಶೂ ದುಡ್ಡು ಬಂದಾಗ ಏನು ಮಾಡುವುದು? ಈ ಮಳೆಯಲ್ಲಿ ಶೂ ಹಾಕಿ ಬಂದರೆ ಮೂರು ದಿನ ಒಣಗುವುದಿಲ್ಲ.

ಠರಾವು ಪುಸ್ತಕ

ಐದನೆಯವರೆಗೆ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295. ಈ ಶಾಲೆಗೆ 13,250 ಮತ್ತು 10,030, ಒಟ್ಟು 23,280 ರೂಪಾಯಿ. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ. ಹವಾಮಾನಕ್ಕೆ ತಕ್ಕಂತೆ ಚಪ್ಪಲಿ ಕೊಳ್ಳುವ ಅವಕಾಶವೂ ಇದೆ, ಠರಾವಿನಲ್ಲಿ ಕಾರಣ ಬರೆಯಬೇಕು. ಅಳತೆಯನ್ನು ವಯಸ್ಸಿನ ಮೇಲೆ ಅಂದಾಜಿಸಬೇಡಿ. ಮಧ್ಯಾಹ್ನದ ಹೊತ್ತು ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಗೆರೆ ಎಳೆದು, ಉದ್ದಕ್ಕೆ ಒಂದು ಸೆಂಟಿಮೀಟರ್ ಸೇರಿಸಿ. ಅಳತೆ ತಪ್ಪಿದ್ದನ್ನು ಹದಿನೈದು ದಿನದೊಳಗೆ ಬದಲಿಸಿ ಕೊಡಬೇಕು ಅಂತ ಅಂಗಡಿಯವರಿಂದ ದರಪಟ್ಟಿಯಲ್ಲೇ ಬರೆಸಿಕೊಳ್ಳಿ.

ಕಾಲುಸಂಕ

ಮಳೆ ರಜೆಗೆ ಬರೋಣ. ಹಿಂದಿನ ರಾತ್ರಿ ಜಿಲ್ಲಾಧಿಕಾರಿ ಘೋಷಿಸಿದರೆ ತೊಂದರೆಯಿಲ್ಲ. ಬೆಳಿಗ್ಗೆ ಏಳೂವರೆಗೆ ತಾಲ್ಲೂಕಿಗೆ ಮಾತ್ರ ರಜೆ ಅಂತ ಬಂದರೆ ನೆಟ್‌ವರ್ಕ್ ಇಲ್ಲದ ಮಜಿರೆಯ (ಸಣ್ಣ ಕೇರಿಯ) ಮಕ್ಕಳು ಆಗಲೇ ಹೊರಟಿರುತ್ತಾರೆ. ಪ್ರತಿ ಮಜಿರೆಗೆ ಸ್ಥಿರ ದೂರವಾಣಿ ಇರುವ ಒಂದು ಮನೆ ಗೊತ್ತು ಮಾಡಿಕೊಳ್ಳುವುದು ಇಂದಿಗೂ ಎಲ್ಲಕ್ಕಿಂತ ಗಟ್ಟಿ ದಾರಿ.

ರಜೆಯ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸಬೇಕಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವರ್ಷಕ್ಕೆ ಕನಿಷ್ಠ ಪಾಠ ಐದನೆಯವರೆಗೆ 200 ದಿನ, 800 ಗಂಟೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ. ಒಂದು ಪೂರ್ತಿ ದಿನ ತುಂಬಲು ಎರಡು ಶನಿವಾರದ ಮಧ್ಯಾಹ್ನ ಬೇಕು. ಜುಲೈನಲ್ಲಿ ಎಂಟು ದಿನ ಹೋದರೆ ಹದಿನಾರು ಶನಿವಾರ!

ಒಲೆಮುಂದೆ

ಅದಕ್ಕೇ ಮಳೆಗಾಲದಲ್ಲಿ ಪ್ರಾರ್ಥನೆ ಮುಗಿದು ಹಾಜರಿ ಆಗುವವರೆಗೆ ಒಲೆ ಮೇಲೆ ಮೊಟ್ಟೆ ಇಡಬೇಡಿ, ಹಾಲಿನ ಪುಡಿ ಪೊಟ್ಟಣ ಒಡೆಯಬೇಡಿ. ಬೇಯಿಸಿದ ಮೊಟ್ಟೆ ನಾಳೆಗೆ ಬರುವುದಿಲ್ಲ. ಹಾಲಿಗೆ ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ. 84 ಮಕ್ಕಳಿಗೆ ಒಂದೂವರೆ ಕಿಲೋ ಪುಡಿ, 12.6 ಲೀಟರ್ ಹಾಲು. ಪುಡಿಯನ್ನು ಕುದಿವ ನೀರಿಗೆ ಸುರಿದರೆ ಗಂಟು ಕಟ್ಟುವುದು ಖಂಡಿತ: ಉಗುರುಬೆಚ್ಚಗಿನ ನೀರಲ್ಲಿ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಿಸಿನೀರು ಬೆರೆಸಿ ಕಾಯಿಸಿ. ವಾರಕ್ಕೆ ಮೂರು ದಿನದ ರಾಗಿ ಮಾಲ್ಟ್‌ಗೂ ಇದೇ, ಆದರೆ ತಣ್ಣೀರಲ್ಲಿ ಕಲಸಬೇಕು. ಒಡೆದ ಪೊಟ್ಟಣ ಥಂಡಿ ಹಿಡಿದು ಎರಡೇ ದಿನದಲ್ಲಿ ಕಲ್ಲಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ.

ಕಾಲುಸಂಕ

ಹಳ್ಳ ದಾಟಿ ಬರುವ ಮಕ್ಕಳಿರುವ ಶಾಲೆಯವರು ಅಡಿಕೆ ದಬ್ಬೆಯ ಸಂಕವನ್ನು (ಕಾಲುಸೇತುವೆಯನ್ನು) ಪ್ರತಿ ವರ್ಷ ಹೊಸದು ಮಾಡಲೇಬೇಕು. ಹಳೆಯದು ಮೇಲೆ ಗಟ್ಟಿ ಕಂಡರೂ ದಂಡೆಯ ಮಣ್ಣಿಗೆ ತಾಗಿದ ತುದಿ ಕೊಳೆತು ಲಡ್ಡಾಗಿರುತ್ತದೆ. ಹಾರೆ ಚುಚ್ಚಿ ನೋಡಿ. ಹಿಡಿದು ನಡೆಯಲು ಕೈತಾಂಗು ಎರಡೂ ಬದಿಗೆ ಇರಲಿ, ಮಕ್ಕಳ ಎತ್ತರಕ್ಕೆ. ಶಾಶ್ವತ ಸಂಕಕ್ಕೆ ಎಸ್‌ಡಿಎಂಸಿ ಠರಾವಿನಲ್ಲಿ ದಾಟುವ ಮಕ್ಕಳ ಸಂಖ್ಯೆ, ಸುತ್ತಿ ಬಂದರೆ ಎಷ್ಟು ಕಿಲೋಮೀಟರ್ ಅನ್ನುವ ಎರಡು ಅಂಕಿ ಹಾಕಿ ಗ್ರಾಮ ಪಂಚಾಯ್ತಿಗೆ ಕೊಡಿ. ಶಾಲಾ ಸಂಪರ್ಕ ಸೇತು ಅಂತ ಲೋಕೋಪಯೋಗಿ ಇಲಾಖೆಯಲ್ಲಿ ಮಾಡಿದ್ದು ಇಂಥವಕ್ಕೇ. ಬರೀ "ತೊಂದರೆಯಾಗಿದೆ" ಅನ್ನುವ ಅರ್ಜಿ ಕಪಾಟು ಸೇರುತ್ತದೆ.

ಹೆಂಚಿನಮಾಡು

ಕಡೆಗೆ ಮಾಡು. ಸೋರಿಕೆಗೆ ಹೆಚ್ಚಿನ ಸಲ ಕಾರಣ ಮಂಗ. ಹಾರಿದ ರಭಸಕ್ಕೆ ಹೆಂಚಿನ ಮೂಲೆ ಮುರಿಯುತ್ತದೆ, ಕೆಳಗಿಂದ ನೋಡಿದರೆ ಕಾಣುವುದಿಲ್ಲ. ಬಿಸಿಲಿರುವಾಗ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಒಳಗೆ ನಿಂತು ಮೇಲೆ ನೋಡಿ, ಬೆಳಕಿನ ಚುಕ್ಕಿ ಇದ್ದಲ್ಲಿ ಸೀಮೆಸುಣ್ಣದಿಂದ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿಗೆ) ಗುರುತು ಹಾಕಿ. ಎರಡನೇ ಕಾರಣ ಹೆಂಚಿನ ಕಾಲುವೆಯಲ್ಲಿ ತುಂಬಿದ ತರಗೆಲೆ. ನೀರು ಹರಿಯಲು ಜಾಗವಿಲ್ಲದೆ ಅಡ್ಡಕ್ಕೆ ಉಕ್ಕಿ ಒಳಗೆ ಬೀಳುತ್ತದೆ. ಆಗ ಹೆಂಚು ಬದಲಿಸಿ ಪ್ರಯೋಜನವಿಲ್ಲ, ಗುಡಿಸಬೇಕು. ಮೂರನೆಯದು ಮಾಡಿನ ನೆತ್ತಿಯ ಕೋಳುಹೆಂಚಿನ ಗಾರೆ ಬಿರುಕು.

ಒಂದು ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚು ಬೇಕು. ಮೇಲೆ ನಡೆಯಬೇಡಿ, ಒಂದು ಬದಲಿಸಲು ಹೋಗಿ ಐದು ಒಡೆಯುತ್ತದೆ. ಒಳಗಿನಿಂದಲೇ ಏಣಿ ಇಟ್ಟು, ಮೇಲಿನ ಹೆಂಚನ್ನು ಸ್ವಲ್ಪ ಎತ್ತಿ ಮುರಿದದ್ದನ್ನು ಜಾರಿಸಿ ತೆಗೆಯಬಹುದು. ರೀಪು ಬದಲಿಸುವುದಾದರೆ ಅಂತರ ಹಳೆಯದರಷ್ಟೇ ಇರಬೇಕು. ಪಕಾಸಿ (ರೀಪನ್ನು ಹೊರುವ ಇಳಿಜಾರು ಮರ) ಬಾಗಿದ್ದರೆ ಅಥವಾ ಗೋಡೆಯ ಮೇಲೆ ಕೂತ ತುದಿ ಕೊಳೆತು ಕುಂಬಾಗಿದ್ದರೆ ಅದು ಊರವರ ಕೆಲಸವಲ್ಲ. ಮಕ್ಕಳನ್ನು ಆ ಕೋಣೆಯಿಂದ ಹೊರಗೆ ಹಾಕಿ, ಬೀಗ ಹಾಕಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಅಂದೇ ಬರೆಯಿರಿ. ಬಿಸಿಯೂಟದ ಸೌದೆ ಇಡಲು ಮಾತ್ರ ಅಂತಲೂ ಬಳಸಬೇಡಿ, ಚೆಂಡು ಒಳಗೆ ಹೋದರೆ ಮಗು ಹೋಗಿಯೇ ಹೋಗುತ್ತದೆ.

ಗೂಡಂಗಡಿ

ಹಳೇ ಮನೆ ಕೆಡವಿದ ಹೆಂಚು 200 ಇದೆ, ಶಾಲೆಗೆ ಕೊಡಬಹುದಾ?

ಹೆಂಚಿನಮಾಡು

ಹಿಂಬದಿಯ ಅಚ್ಚು ನೋಡಿ. ಬೇರೆ ಬೇರೆ ಕಾರ್ಖಾನೆಯ ಹೆಂಚಿನ ಕೊಂಡಿ, ಉದ್ದ ಒಂದಕ್ಕೊಂದು ಹೊಂದುವುದಿಲ್ಲ. ಅರ್ಧ ಅಂಗುಲ ವ್ಯತ್ಯಾಸವಿದ್ದರೂ ನಡುವೆ ಸಂದು ಉಳಿದು ಗಾಳಿಮಳೆಗೆ ನೀರು ನುಗ್ಗುತ್ತದೆ. ಶಾಲೆಯ ಒಂದು ಹೆಂಚು ತಂದು ನಾಲ್ಕು ಜೋಡಿಸಿ ನೋಡಿ. ಹೊಂದದಿದ್ದರೆ ತರಗತಿಗೆ ಬೇಡ. ಅಡುಗೆಮನೆಯ ಮಾಡಿನ ಒಂದು ಇಳಿಜಾರನ್ನು ಪೂರ್ತಿ ಅದರಲ್ಲೇ ಹೊದಿಸಬಹುದು, ರೀಪನ್ನು ಆ ಅಳತೆಗೆ ಹೊಡೆದರಾಯಿತು. ಕೊಡುವಾಗ ದಾಸ್ತಾನು ಪುಸ್ತಕದಲ್ಲಿ ಬರೆಸಿ ಕೊಡಿ.

ಗೂಡಂಗಡಿ

ಆಯ್ತು, ಶನಿವಾರ ಒಂದು ಹೆಂಚು ತೆಗೆದಿಡಿಸಿ, ಗಾಡಿ ಬರ್ತದೆ.